ವರೆಗೆ, ತನಕ, ಆದರೆ: ಪ್ರೋಗ್ರಾಮಿಂಗಿನಲ್ಲಿ ಆವರ್ತನ ಮತ್ತು ಆಯ್ಕೆಯ ಅಭ್ಯಾಸ

(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಅವಧಿಗೆ ನಿಗದಿಯಾಗಿರುವ ವಿಷಯ ಪ್ರೋಗ್ರಾಮಿಂಗಿನ ಎರಡು ಆರಂಭಿಕ ಪಾಠಗಳು. ಒಂದು ಲೂಪ್, ಅಂದರೆ ಆವರ್ತನ. ಇನ್ನೊಂದು ಸ್ವಿಚ್, ಅಂದರೆ ಹಲವು ದಾರಿಗಳಲ್ಲಿ ಒಂದನ್ನು ಆಯ್ದುಕೊಳ್ಳುವ ರಚನೆ. ಪಾಠಗಳು ಚಿಕ್ಕವು, ಆದರೆ ಅವುಗಳ ಸ್ಥಾನ ದೊಡ್ಡದು. ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಯಾಕೊಪಿನಿ ಎಂಬ ಇಟಲಿಯ ಇಬ್ಬರು ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅನುಕ್ರಮ, ಆಯ್ಕೆ, ಆವರ್ತನ ಎಂಬ ಮೂರು ರಚನೆಗಳಿದ್ದರೆ ಯಾವುದೇ ಪ್ರೋಗ್ರಾಮಿನ ಕೆಲಸವನ್ನು ನಡೆಸಬಹುದೆಂದು ತೋರಿಸಿದರು. ಒಂದರ ಅನಂತರ ಒಂದು ಎಂಬ ಅನುಕ್ರಮ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಉಳಿದ ಎರಡನ್ನು ನಾವು ಕಲಿಸಬೇಕು. ಈ ಎರಡು ಗಟ್ಟಿಯಾದ ವಿದ್ಯಾರ್ಥಿಗೆ ಮುಂದಿನ ದಾರಿ ತೆರೆದಿರುತ್ತದೆ. ಗಟ್ಟಿಯಾಗದವನು ಪುಸ್ತಕದ ಪ್ರೋಗ್ರಾಮನ್ನು ನೋಡಿ ಬರೆಯುವಲ್ಲಿಗೇ ನಿಲ್ಲುತ್ತಾನೆ.

ನೋಡಿ ಬರೆಯುವುದರ ಅಪಾಯ ನಮ್ಮ ಶಾಲೆಗಳಲ್ಲಿ ಇತರೆಡೆಗಿಂತ ಹೆಚ್ಚು. ಕಾಸರಗೋಡಿನ ಒಂದು ತರಗತಿಯನ್ನು ಗಮನಿಸಿರಿ. ಮಗು ಮನೆಯಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ, ಮರಾಠಿ ಅಥವಾ ಹವ್ಯಕ ಕನ್ನಡ. ಪಠ್ಯಪುಸ್ತಕದ ಭಾಷೆ ಶಿಷ್ಟ ಕನ್ನಡ. ಪೇಟೆಯ ಫಲಕಗಳಲ್ಲಿ ಮಲಯಾಳ. ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್. ಸೊಲ್ಲಾಪುರ, ಅಕ್ಕಲಕೋಟೆ, ತಾಳವಾಡಿ, ಮಡಕಶಿರಾಗಳ ಕನ್ನಡ ಶಾಲೆಗಳಲ್ಲಿ ಭಾಷೆಗಳ ಹೆಸರು ಬೇರೆ, ಸ್ಥಿತಿ ಇದೇ. ಇಷ್ಟು ಭಾಷೆಗಳ ನಡುವೆ ‘ಇದು ಏಕೆ ಹೀಗೆ’ ಎಂದು ಯೋಚಿಸುವ ಕೆಲಸ ಯಾವ ಭಾಷೆಯಲ್ಲಿ ನಡೆಯಬೇಕು? ಕನ್ನಡ ಮಾಧ್ಯಮದ ತರಗತಿಯಲ್ಲಿ ಅದು ಕನ್ನಡದಲ್ಲಿ ನಡೆಯಬೇಕು. ಹಾಗೆ ನಡೆಯದಿದ್ದರೆ ಅದು ಯಾವ ಭಾಷೆಯಲ್ಲಿಯೂ ನಡೆಯುವುದಿಲ್ಲ.

ಆದರೆ ಪದಗಳನ್ನು ಅನುವಾದ ಮಾಡಿದ ಮಾತ್ರಕ್ಕೆ ಈ ಕೆಲಸ ಮುಗಿಯದು. ಲೂಪಿಗೆ ಆವರ್ತನವೆಂದೂ ಸ್ವಿಚ್ಚಿಗೆ ಆಯ್ಕೆಯೆಂದೂ ಹೆಸರಿಟ್ಟರೆ ಹೆಸರು ಸಿಕ್ಕಿತೇ ಹೊರತು ತಿಳಿವಳಿಕೆ ಸಿಗಲಿಲ್ಲ. ಕನ್ನಡದ ವಾಕ್ಯ ನಡೆಯುವ ರೀತಿಗೂ ಪ್ರೋಗ್ರಾಮಿನ ವಾಕ್ಯ ನಡೆಯುವ ರೀತಿಗೂ ಮೂರು ಕಡೆ ವ್ಯತ್ಯಾಸವಿದೆ. ‘ವರೆಗೆ’, ‘ತನಕ’, ‘ಆದರೆ’ ಎಂಬ ಮೂರು ಮಾತುಗಳಲ್ಲಿ ಆ ವ್ಯತ್ಯಾಸ ಅಡಗಿದೆ. ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ. ಇಂದಿನ ನನ್ನ ಮಾತು ಈ ಮೂರು ಪದಗಳನ್ನು ಅನುಸರಿಸಿ ಸಾಗುತ್ತದೆ.

1. ವರೆಗೆ

ಎಣಿಕೆಯ ಆವರ್ತನಕ್ಕೆ ಮಗ್ಗಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಏಳರ ಮಗ್ಗಿಯಲ್ಲಿ ಏಳು ಬದಲಾಗುವುದಿಲ್ಲ. ಪಕ್ಕದ ಸಂಖ್ಯೆ ಮಾತ್ರ ಒಂದೊಂದಾಗಿ ಏರುತ್ತದೆ. ಬದಲಾಗದಿರುವುದು ಯಾವುದು, ಬದಲಾಗುವುದು ಯಾವುದು ಎಂಬ ಪ್ರಶ್ನೆಯಿಂದಲೇ ಆವರ್ತನದ ಪಾಠ ಆರಂಭವಾಗಲಿ. ಮಕ್ಕಳು ಉತ್ತರ ಹೇಳಿದ ಮೇಲೆ ಕಪ್ಪುಹಲಗೆಯಲ್ಲಿ ಕನ್ನಡದ ಹೆಜ್ಜೆಗಳನ್ನು ಹೀಗೆ ಬರೆಯಬಹುದು:

ಎಣಿಕೆ 1ರಿಂದ 10ರ ವರೆಗೆ:
— 7 × ಎಣಿಕೆಯ ಗುಣಲಬ್ಧವನ್ನು ಬರೆ

ಇದನ್ನು ಪೈಥಾನಿನಲ್ಲಿ ಬರೆಯುವಾಗ ಮಗು ಫಾರ್ ಎಂಬ ಪದವನ್ನೂ ರೇಂಜ್ ಎಂಬ ಪದವನ್ನೂ ಬಳಸುತ್ತದೆ. ರೇಂಜಿನ ಆವರಣದೊಳಗೆ 1 ಮತ್ತು 10 ಎಂದು ಕೊಡುತ್ತದೆ. ಪರದೆಯ ಮೇಲೆ ಮಗ್ಗಿ ಅರವತ್ತಮೂರಕ್ಕೇ ನಿಲ್ಲುತ್ತದೆ. ಎಪ್ಪತ್ತು ಬರಲಿಲ್ಲ. ಮಗುವಿಗೆ ತನ್ನ ತಪ್ಪೇನೆಂದು ತಿಳಿಯುವುದಿಲ್ಲ, ಏಕೆಂದರೆ ಕನ್ನಡದ ದೃಷ್ಟಿಯಿಂದ ಅದು ತಪ್ಪನ್ನೇ ಮಾಡಿಲ್ಲ. ‘ಒಂದರಿಂದ ಹತ್ತರ ವರೆಗೆ ಹೇಳು’ ಎಂದರೆ ನಮ್ಮ ಮಾತಿನಲ್ಲಿ ಹತ್ತೂ ಸೇರಿದೆ. ಪೈಥಾನಿನ ರೇಂಜಿನಲ್ಲಿ ಎರಡನೆಯ ಸಂಖ್ಯೆ ಗಡಿಕಲ್ಲು ಮಾತ್ರ. ಎಣಿಕೆ ಆ ಕಲ್ಲನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಆದುದರಿಂದ 11 ಎಂದು ಕೊಡಬೇಕು.

‘ಪೈಥಾನಿನ ನಿಯಮ ಹಾಗೆ, ಒಂದು ಹೆಚ್ಚು ಹಾಕಿ’ ಎಂದು ಹೇಳಿ ಮುಗಿಸಬಾರದು. ಆ ನಿಯಮದ ಪ್ರಯೋಜನವನ್ನೂ ತೋರಿಸಬೇಕು. ಕೊನೆಯಿಂದ ಆರಂಭವನ್ನು ಕಳೆದರೆ ಎಷ್ಟು ಬಾರಿ ಆವರ್ತನವಾಯಿತೆಂಬುದು ಸಿಗುತ್ತದೆ: 11ರಿಂದ 1 ಕಳೆದರೆ 10. ಸೊನ್ನೆಯಿಂದ ಎಣಿಸಿದರೆ ಲೆಕ್ಕ ಇನ್ನೂ ಸುಲಭ: 0 ಮತ್ತು 10 ಎಂದು ಕೊಟ್ಟರೆ ಸರಿಯಾಗಿ ಹತ್ತು ಬಾರಿ.

ಗಡಿ ಸೇರಿದೆಯೋ ಇಲ್ಲವೋ ಎಂಬ ಈ ಗೊಂದಲ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಅಡಿಕೆ ತೋಟದಲ್ಲಿಯೂ ಇದು ಇದೆ. ಅಡಿಕೆ ಸಸಿಗಳ ನಡುವೆ ಸಾಮಾನ್ಯವಾಗಿ 2.7 ಮೀಟರ್ ಅಂತರ ಬಿಡುತ್ತಾರೆ. 27 ಮೀಟರ್ ಉದ್ದದ ಸಾಲಿನಲ್ಲಿ ಎರಡು ತುದಿಗಳಿಗೂ ಸಸಿ ನೆಟ್ಟರೆ ಎಷ್ಟು ಸಸಿ ಬೇಕು? ತರಗತಿಯ ಬಹುಪಾಲು ಮಕ್ಕಳು ಹತ್ತು ಎನ್ನುತ್ತಾರೆ. ತೋಟದ ಕೆಲಸ ಕಂಡ ಮಗು ಹನ್ನೊಂದು ಎನ್ನುತ್ತದೆ. ಹತ್ತು ಎಂಬುದು ಅಂತರಗಳ ಲೆಕ್ಕ, ಹನ್ನೊಂದು ಎಂಬುದು ಸಸಿಗಳ ಲೆಕ್ಕ. ಈ ಪ್ರಶ್ನೆಯನ್ನು ಮೊದಲು ಹಲಗೆಯಲ್ಲಿ ಚಿತ್ರ ಬರೆದು ಬಿಡಿಸಿ, ಆಮೇಲೆ ಪ್ರೋಗ್ರಾಮು ಮಾಡಿಸಿರಿ. ಸಸಿಯ ಸಂಖ್ಯೆ 0ರಿಂದ 10ರ ವರೆಗೆ ಏರಲಿ. ಪ್ರತಿ ಸಸಿಯ ದೂರವನ್ನು ಆ ಸಂಖ್ಯೆಯಿಂದ 2.7ನ್ನು ಗುಣಿಸಿ ಪಡೆಯಲಿ. ದೂರವನ್ನೇ 2.7ರಂತೆ ಕೂಡಿಸುತ್ತಾ ಹೋಗಿ, 27ಕ್ಕೆ ಸಮವಾದಾಗ ನಿಲ್ಲು ಎಂದು ಬರೆಯಿಸಬಾರದು. ಕಂಪ್ಯೂಟರು ದಶಮಾಂಶಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ ಇಂತಹ ಕೂಡಿಕೆಯಲ್ಲಿ ಸೂಕ್ಷ್ಮ ವ್ಯತ್ಯಾಸ ಸೇರುತ್ತದೆ, 0.1ಕ್ಕೆ 0.2 ಕೂಡಿಸಿದರೂ ಅದಕ್ಕೆ ಉತ್ತರ 0.3ಕ್ಕೆ ನಿಖರವಾಗಿ ಸಮವಾಗುವುದಿಲ್ಲ. ಆವರ್ತನದ ಎಣಿಕೆ ಪೂರ್ಣಾಂಕದಲ್ಲಿಯೇ ಇರಲಿ.

2. ತನಕ

ಎಷ್ಟು ಬಾರಿ ಎಂಬುದು ಮೊದಲೇ ತಿಳಿದಿದ್ದರೆ ಫಾರ್. ತಿಳಿಯದಿದ್ದರೆ ವೈಲ್. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಕಷ್ಟವಿರುವುದು ಶರತ್ತನ್ನು ಬರೆಯುವಲ್ಲಿ.

‘ಕೊಡ ತುಂಬುವ ತನಕ ನೀರು ಹೊಯ್ಯಿ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಇದರಲ್ಲಿ ‘ಕೊಡ ತುಂಬುವುದು’ ಕೆಲಸ ನಿಲ್ಲಬೇಕಾದ ಶರತ್ತು. ವೈಲ್ ಎಂಬುದರ ಮುಂದೆ ಬರೆಯಬೇಕಾದುದು ಇದಕ್ಕೆ ತದ್ವಿರುದ್ಧವಾದುದು, ಅಂದರೆ ಕೆಲಸ ಮುಂದುವರಿಯಬೇಕಾದ ಶರತ್ತು: ‘ಕೊಡ ತುಂಬದೆ ಇರುವಷ್ಟು ಕಾಲ ನೀರು ಹೊಯ್ಯಿ’. ಕನ್ನಡದಲ್ಲಿ ‘ತನಕ’ ಎಂಬುದನ್ನು ಎರಡು ಬಗೆಯಾಗಿಯೂ ಬಳಸುತ್ತೇವೆ. ‘ಮಳೆ ನಿಲ್ಲುವ ತನಕ ಒಳಗಿರು’ ಎಂದಾಗ ಅದು ನಿಲ್ಲಿಸುವ ಶರತ್ತು. ‘ಉಸಿರಿರುವ ತನಕ ದುಡಿಯುತ್ತೇನೆ’ ಎಂದಾಗ ಅದು ಮುಂದುವರಿಸುವ ಶರತ್ತು. ಕೇಳುವವರಿಗೆ ಸಂದರ್ಭದಿಂದ ಅರ್ಥವಾಗುತ್ತದೆ. ಯಂತ್ರಕ್ಕೆ ಸಂದರ್ಭ ತಿಳಿಯದು. ವೈಲನ್ನು ‘ತನಕ’ ಎಂದು ಅನುವಾದಿಸಿ ಕಲಿಸಿದ ತರಗತಿಯಲ್ಲಿ ಶರತ್ತು ತಲೆಕೆಳಗಾಗಿ ಬರುವುದಕ್ಕೆ ಇದೇ ಕಾರಣ.

ಕೆಳಗಿನ ತರಗತಿಗಳಲ್ಲಿ ಸ್ಕ್ರ್ಯಾಚ್ ಬಳಸಿದ ಮಕ್ಕಳಿಗೆ ಈ ಎಚ್ಚರ ಇನ್ನೂ ಅಗತ್ಯ. ಸ್ಕ್ರ್ಯಾಚಿನಲ್ಲಿ ಇಂತಿಷ್ಟು ಬಾರಿ ಮಾಡು, ಸದಾ ಮಾಡು, ಶರತ್ತು ಒದಗುವ ತನಕ ಮಾಡು ಎಂಬ ಮೂರು ಆವರ್ತನದ ತುಣುಕುಗಳಿವೆ. ಮೂರನೆಯದರಲ್ಲಿ ಹಾಕುವುದು ನಿಲ್ಲಿಸುವ ಶರತ್ತು. ಪೈಥಾನಿಗೆ ಬಂದಾಗ ವೈಲಿನಲ್ಲಿ ಹಾಕಬೇಕಾದುದು ಮುಂದುವರಿಸುವ ಶರತ್ತು. ಈ ತಿರುವನ್ನು ನಾವು ಬಾಯಿಬಿಟ್ಟು ಹೇಳದಿದ್ದರೆ ಮಗು ತಾನಾಗಿ ಕಂಡುಕೊಳ್ಳುವುದು ಕಷ್ಟ.

ಆದುದರಿಂದ ನನ್ನ ಸಲಹೆ ಇಷ್ಟು. ವೈಲಿಗೆ ‘ಇರುವಷ್ಟು ಕಾಲ’ ಎಂಬ ಮಾತನ್ನೇ ತರಗತಿಯಲ್ಲಿ ನಿಯಮದಂತೆ ಬಳಸಿರಿ. ಮಗು ‘ತನಕ’ ಎಂದು ಹೇಳಿದಾಗ ಅದನ್ನು ತಡೆಯದೆ, ‘ಈಗ ಇದನ್ನು ಇರುವಷ್ಟು ಕಾಲ ಎಂದು ತಿರುಗಿಸಿ ಹೇಳು’ ಎನ್ನಿರಿ. ಹೀಗೆ ತಿರುಗಿಸುವುದೇ ತರ್ಕದ ಅಭ್ಯಾಸ. ಒಂದು ಉದಾಹರಣೆ: ‘ಅಂಕ 0ಗಿಂತ ಕಡಿಮೆಯಿಲ್ಲದೆ, 100ಕ್ಕಿಂತ ಹೆಚ್ಚಿಲ್ಲದೆ ಬರುವ ತನಕ ಮತ್ತೆ ಮತ್ತೆ ಕೇಳು.’ ತಿರುಗಿಸಿದರೆ: ‘ಅಂಕ 0ಗಿಂತ ಕಡಿಮೆ ಅಥವಾ 100ಕ್ಕಿಂತ ಹೆಚ್ಚು ಆಗಿರುವಷ್ಟು ಕಾಲ ಮತ್ತೆ ಕೇಳು.’ ಗಮನಿಸಿರಿ, ಮೊದಲಿನ ವಾಕ್ಯದಲ್ಲಿ ಎರಡು ಶರತ್ತುಗಳೂ ಒಟ್ಟಿಗೆ ಇರಬೇಕು. ಎರಡನೆಯದರಲ್ಲಿ ‘ಅಥವಾ’ ಬಂದಿದೆ. ಇಲ್ಲಿ ‘ಮತ್ತು’ ಎಂದು ಬರೆದರೆ ಆವರ್ತನ ಒಮ್ಮೆಯೂ ನಡೆಯುವುದಿಲ್ಲ, ಏಕೆಂದರೆ ಸೊನ್ನೆಗಿಂತ ಕಡಿಮೆಯೂ ನೂರಕ್ಕಿಂತ ಹೆಚ್ಚೂ ಆಗಿರುವ ಸಂಖ್ಯೆ ಯಾವುದೂ ಇಲ್ಲ.

ವೈಲಿನಲ್ಲಿ ಇನ್ನೊಂದು ಅಪಾಯ ನಿಲ್ಲದಿರುವುದು. ಮುಂದುವರಿಸುವ ಶರತ್ತನ್ನು ಸುಳ್ಳಾಗಿಸುವ ಕೆಲಸ ಆವರ್ತನದ ಒಳಗೆ ಎಲ್ಲಾದರೂ ನಡೆಯಲೇಬೇಕು. ಇದಕ್ಕೆ ಒಂದು ನಿಜವಾದ ಘಟನೆ ಇದೆ. ತರಗತಿಯಲ್ಲಿ ಹಲಗೆಯ ಮೇಲೆ ಮಾಡಿ ತೋರಿಸಲು ಇದಕ್ಕಿಂತ ತಕ್ಕುದಾದ ಉದಾಹರಣೆ ವಿರಳ. ಮೈಕ್ರೋಸಾಫ್ಟ್ ಸಂಸ್ಥೆಯ ಝೂನ್ ಎಂಬ ಸಂಗೀತದ ಸಾಧನದ 30 ಗಿಗಾಬೈಟ್ ಮಾದರಿಗಳು 2008ರ ಡಿಸೆಂಬರ್ 31ರಂದು ಒಮ್ಮೆಲೇ ಸ್ತಬ್ಧವಾದುವು. ಆ ಸಾಧನ 1980ರಿಂದ ಕಳೆದ ದಿನಗಳನ್ನು ಎಣಿಸಿ ಈಗಿನ ವರ್ಷ ಯಾವುದೆಂದು ಕಂಡುಹಿಡಿಯುತ್ತಿತ್ತು. ಅದರ ಹೆಜ್ಜೆಗಳು ಕನ್ನಡದಲ್ಲಿ ಹೀಗಿವೆ:

ದಿನಗಳು 365ಕ್ಕಿಂತ ಹೆಚ್ಚಾಗಿರುವಷ್ಟು ಕಾಲ:
— ವರ್ಷವು ಅಧಿಕವರ್ಷವಾಗಿದ್ದರೆ:
— — ದಿನಗಳು 366ಕ್ಕಿಂತ ಹೆಚ್ಚಾಗಿದ್ದರೆ, 366 ಕಳೆ. ವರ್ಷಕ್ಕೆ 1 ಕೂಡಿಸು
— ಅಲ್ಲದಿದ್ದರೆ:
— — 365 ಕಳೆ. ವರ್ಷಕ್ಕೆ 1 ಕೂಡಿಸು

ವರ್ಷ 2008, ಉಳಿದ ದಿನಗಳು 366 ಎಂದು ಇಟ್ಟುಕೊಂಡು ಮಕ್ಕಳಿಂದಲೇ ಹೆಜ್ಜೆ ಹಾಕಿಸಿರಿ. 366 ಎಂಬುದು 365ಕ್ಕಿಂತ ಹೆಚ್ಚು, ಒಳಗೆ ಹೋಗುತ್ತೇವೆ. 2008 ಅಧಿಕವರ್ಷ. ದಿನಗಳು 366ಕ್ಕಿಂತ ಹೆಚ್ಚೇ? ಅಲ್ಲ, ಸಮ. ಆದುದರಿಂದ ಏನನ್ನೂ ಕಳೆಯುವುದಿಲ್ಲ. ಮತ್ತೆ ಮೇಲಕ್ಕೆ. 366 ಎಂಬುದು 365ಕ್ಕಿಂತ ಹೆಚ್ಚು. ಮತ್ತೆ ಒಳಗೆ. ಹೀಗೆ ಕೊನೆಯಿಲ್ಲ. ಮರುದಿನದ ಲೆಕ್ಕವನ್ನೂ ಮಾಡಿಸಿರಿ: ದಿನಗಳು 367 ಆದಾಗ 366 ಕಳೆದು 1 ಉಳಿಯುತ್ತದೆ, ವರ್ಷ 2009 ಆಗುತ್ತದೆ, ಆವರ್ತನ ನಿಲ್ಲುತ್ತದೆ. ಬ್ಯಾಟರಿ ಪೂರ್ತಿ ಇಳಿದ ಮೇಲೆ ಮರುದಿನ ಸಾಧನಗಳು ಮತ್ತೆ ನಡೆದುದು ಇದರಿಂದಲೇ. ವರ್ಷದ ಒಂದೇ ದಿನ, ಅದೂ ಅಧಿಕವರ್ಷದ ಕೊನೆಯ ದಿನ, ಇಡೀ ಪ್ರೋಗ್ರಾಮು ಸಿಕ್ಕಿಬಿತ್ತು. ಗಡಿಯ ಬೆಲೆಗಳನ್ನು ಹಾಕಿ ಪರೀಕ್ಷಿಸಬೇಕೆಂಬ ಪಾಠವನ್ನು ಇನ್ನು ಬೇರೆಯಾಗಿ ಹೇಳಬೇಕಿಲ್ಲ.

3. ಆದರೆ

ಇನ್ನು ಆಯ್ಕೆ. ಹತ್ತನೆಯ ತರಗತಿಯ ವರೆಗೆ ಪೈಥಾನ್ ಕಂಡ ನಮ್ಮ ಮಕ್ಕಳು ಹೈಯರ್ ಸೆಕೆಂಡರಿಯಲ್ಲಿ ಕಂಪ್ಯೂಟರ್ ಸೈನ್ಸ್ ಆಯ್ದುಕೊಂಡಾಗ ಸಿ ಪ್ಲಸ್ ಪ್ಲಸ್ ಎದುರಾಗುತ್ತದೆ. ಅಲ್ಲಿ ಸ್ವಿಚ್ ಇದೆ. ಪೈಥಾನಿನಲ್ಲಿ ಸ್ವಿಚ್ ಎಂಬುದಿಲ್ಲ. ಅದಕ್ಕೆ ಹತ್ತಿರವಾದ ಮ್ಯಾಚ್ ಎಂಬ ರಚನೆ 2021ರಲ್ಲಿ ಬಂದ 3.10ನೆಯ ಆವೃತ್ತಿಯಿಂದ ಮಾತ್ರ ದೊರೆಯುತ್ತದೆ. ಆದುದರಿಂದ ಪ್ರೌಢಶಾಲೆಯಲ್ಲಿಯೇ ಈ ಯೋಚನೆಗೆ ಬೀಜ ಬಿತ್ತಬೇಕು.

ಕನ್ನಡದಲ್ಲಿ ನಾವು ದಿನವೂ ಸ್ವಿಚ್ಚಿನಂತೆಯೇ ಮಾತನಾಡುತ್ತೇವೆ. ‘ಸೋಮವಾರವಾದರೆ ಗಣಿತ, ಮಂಗಳವಾರವಾದರೆ ವಿಜ್ಞಾನ, ಬುಧವಾರವಾದರೆ ಸಮಾಜ, ಇದಾವುದೂ ಅಲ್ಲದಿದ್ದರೆ ಓದಿನ ಅವಧಿ.’ ಕೇಳಿದವರು ಮಂಗಳವಾರದಂದು ವಿಜ್ಞಾನದ ಪುಸ್ತಕವನ್ನು ಮಾತ್ರ ತರುತ್ತಾರೆ. ತಮಗೆ ಸಂಬಂಧಿಸಿದ ಮಾತು ಸಿಕ್ಕಿದ ಕೂಡಲೇ ಉಳಿದುದನ್ನು ಬಿಟ್ಟುಬಿಡುವುದು ಮನುಷ್ಯರ ಸ್ವಭಾವ. ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಸ್ವಿಚ್ ಹಾಗಲ್ಲ. ಅದರಲ್ಲಿ ಕೇಸ್ ಎಂಬುದು ಒಳಗೆ ಬರುವ ಬಾಗಿಲು ಮಾತ್ರ. ಮಂಗಳವಾರದ ಬಾಗಿಲಿನಿಂದ ಒಳಬಂದವನು ಬ್ರೇಕ್ ಎಂಬ ಹೊರಬಾಗಿಲು ಸಿಗುವ ತನಕ ನಡೆಯುತ್ತಲೇ ಇರುತ್ತಾನೆ: ವಿಜ್ಞಾನ, ಸಮಾಜ, ಓದಿನ ಅವಧಿ ಎಲ್ಲವೂ ಒಂದರ ಹಿಂದೆ ಒಂದು ಪರದೆಯ ಮೇಲೆ ಬರುತ್ತವೆ. ಮಕ್ಕಳು ಮೊದಲ ಬಾರಿ ಬ್ರೇಕ್ ಇಲ್ಲದೆಯೇ ಈ ಪ್ರೋಗ್ರಾಮನ್ನು ಓಡಿಸಲಿ. ಏನಾಗುತ್ತದೆಂದು ಮೊದಲು ಬರೆದಿಟ್ಟು, ಆಮೇಲೆ ನೋಡಲಿ. ಬ್ರೇಕಿನ ಅಗತ್ಯವನ್ನು ಅವರೇ ಹೇಳುತ್ತಾರೆ.

ಹೀಗೆ ಮುಂದಕ್ಕೆ ಹರಿಯುವುದು ದೋಷವಷ್ಟೇ ಅಲ್ಲ, ಕೆಲವೊಮ್ಮೆ ಅನುಕೂಲವೂ ಹೌದು. ತಿಂಗಳ ದಿನಗಳ ಪ್ರೋಗ್ರಾಮಿನಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಎಂಬ ನಾಲ್ಕು ಬಾಗಿಲುಗಳನ್ನು ಒಂದರ ಕೆಳಗೊಂದು ಇಟ್ಟು, ಕೊನೆಯಲ್ಲಿ ಒಮ್ಮೆ ಮಾತ್ರ 30 ಎಂದು ಬರೆದರೆ ಸಾಕು.

ನಮಗೆಲ್ಲ ಪರಿಚಿತವಾದ ಇನ್ನೊಂದು ವಿಷಯವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳೋಣ: ಕೇರಳದ ಎಸ್.ಎಸ್.ಎಲ್.ಸಿ. ಶ್ರೇಣಿಗಳು. ಶೇಕಡಾ 90 ಮತ್ತು ಮೇಲೆ ಎ ಪ್ಲಸ್, 80ರಿಂದ 89 ಎ, 70ರಿಂದ 79 ಬಿ ಪ್ಲಸ್, 60ರಿಂದ 69 ಬಿ, 50ರಿಂದ 59 ಸಿ ಪ್ಲಸ್, 40ರಿಂದ 49 ಸಿ, 30ರಿಂದ 39 ಡಿ ಪ್ಲಸ್, 20ರಿಂದ 29 ಡಿ, ಅದಕ್ಕಿಂತ ಕೆಳಗೆ ಇ. ಒಟ್ಟು ಒಂಬತ್ತು ದಾರಿಗಳು. ಆದರೆ ಸಿ ಪ್ಲಸ್ ಪ್ಲಸ್ ಸ್ವಿಚ್ಚಿನ ಬಾಗಿಲಿನಲ್ಲಿ ‘80ರಿಂದ 89’ ಎಂದು ಬರೆಯುವಂತಿಲ್ಲ. ಒಂದೊಂದು ಬಾಗಿಲಿಗೂ ಒಂದೇ ಪೂರ್ಣಾಂಕ. ಹಾಗಾದರೆ 80ರಿಂದ 89ರ ವರೆಗಿನ ಸಂಖ್ಯೆಗಳಲ್ಲಿ ಸಮಾನವಾದುದು ಯಾವುದು? ಹತ್ತರ ಸ್ಥಾನದ ಅಂಕಿ ಎಂಬ ಉತ್ತರ ಮಕ್ಕಳಿಂದ ಬರುವ ತನಕ ಕಾಯಿರಿ. ಪೂರ್ಣಾಂಕವನ್ನು ಹತ್ತರಿಂದ ಭಾಗಿಸಿ ಶೇಷವನ್ನು ಬಿಟ್ಟರೆ ಅದು ಸಿಗುತ್ತದೆ.

ಹತ್ತರ ಅಂಕಿ = ಅಂಕ ÷ 10, ಭಾಗಲಬ್ಧ ಮಾತ್ರ
ಹತ್ತರ ಅಂಕಿ ಯಾವುದು?
— 10 ಆದರೆ:
— 9 ಆದರೆ: ‘ಎ ಪ್ಲಸ್’ ಬರೆ; ಹೊರಗೆ ಬಾ
— 8 ಆದರೆ: ‘ಎ’ ಬರೆ, ಹೊರಗೆ ಬಾ
— (7ರಿಂದ 2ರ ವರೆಗೆ ಹೀಗೆಯೇ)
— ಯಾವುದೂ ಅಲ್ಲದಿದ್ದರೆ: ‘ಇ’ ಬರೆ

ನೂರು ಅಂಕ ಪಡೆದ ಮಗುವಿಗಾಗಿ 10ರ ಬಾಗಿಲು ಬೇಕಾಯಿತು. ಅಲ್ಲಿಂದ 9ಕ್ಕೆ ಹರಿದು ಹೋಗುತ್ತದೆ. ಆ ಒಂದು ಸಾಲನ್ನು ಬಿಟ್ಟರೆ ನೂರಕ್ಕೆ ನೂರು ಪಡೆದವಳಿಗೆ ‘ಇ’ ಬರುತ್ತದೆ! ಇದನ್ನು ಮಕ್ಕಳೇ ಕಂಡುಹಿಡಿಯಲಿ.

ಈಗ ತಪ್ಪು ಬೆಲೆಗಳನ್ನು ಹಾಕಿಸಿರಿ. 105 ಎಂದು ಕೊಟ್ಟರೆ ಭಾಗಲಬ್ಧ 10. ಉತ್ತರ ‘ಎ ಪ್ಲಸ್’. 110 ಎಂದು ಕೊಟ್ಟರೆ ಭಾಗಲಬ್ಧ 11, ಉತ್ತರ ‘ಇ’. ಎರಡೂ ಅಸಂಬದ್ಧ, ಆದರೂ ಪ್ರೋಗ್ರಾಮು ಯಾವ ಸಂಕೋಚವೂ ಇಲ್ಲದೆ ಉತ್ತರ ಕೊಟ್ಟಿತು. ಆದುದರಿಂದ ಸ್ವಿಚ್ಚಿಗೆ ಮೊದಲು, ಹಿಂದೆ ಹೇಳಿದ ವೈಲ್ ಆವರ್ತನವನ್ನು ಕಾವಲಿಗೆ ನಿಲ್ಲಿಸಬೇಕು: ಅಂಕ 0ಗಿಂತ ಕಡಿಮೆ ಅಥವಾ 100ಕ್ಕಿಂತ ಹೆಚ್ಚು ಆಗಿರುವಷ್ಟು ಕಾಲ ಮತ್ತೆ ಕೇಳು. ಹೀಗೆ ಆವರ್ತನ ಮತ್ತು ಆಯ್ಕೆ ಒಂದಕ್ಕೊಂದು ಆಸರೆಯಾಗುತ್ತವೆ.

ಎರಡೂ ಸೇರಿದಾಗ ಬ್ರೇಕ್ ಎಂಬುದರ ಅರ್ಥದಲ್ಲಿ ಒಂದು ತೊಡಕು ಬರುತ್ತದೆ. ಸ್ವಿಚ್ಚಿನ ಒಳಗಿನ ಬ್ರೇಕ್ ಆ ಸ್ವಿಚ್ಚಿನಿಂದ ಮಾತ್ರ ಹೊರಗೆ ತರುತ್ತದೆ. ಅದನ್ನು ಸುತ್ತುವರಿದ ಆವರ್ತನದಿಂದಲ್ಲ. ಇಫ್ ಎಂಬುದರಿಂದ ಹೊರಬರಲು ಬ್ರೇಕ್ ಇಲ್ಲವೇ ಇಲ್ಲ. ಇದು ಮಕ್ಕಳು ಮಾತ್ರ ಎಡವುವ ಜಾಗವೆಂದು ತಿಳಿಯಬಾರದು. 1990ರ ಜನವರಿ 15ರಂದು ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ದೂರದೂರಿನ ದೂರವಾಣಿ ಜಾಲ ಸುಮಾರು 9 ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ಕೋಟಿಗಟ್ಟಲೆ ಕರೆಗಳು ತಲುಪಲಿಲ್ಲ. ಜಾಲದಲ್ಲಿದ್ದ 114 ವಿನಿಮಯ ಕೇಂದ್ರಗಳ ಕಂಪ್ಯೂಟರುಗಳಿಗೆ ಅದಕ್ಕೆ ಕೆಲವು ವಾರಗಳ ಮೊದಲು ಹೊಸ ಪ್ರೋಗ್ರಾಮನ್ನು ಹಾಕಲಾಗಿತ್ತು. ಸಿ ಭಾಷೆಯಲ್ಲಿದ್ದ ಆ ಪ್ರೋಗ್ರಾಮಿನ ಒಂದು ಭಾಗದಲ್ಲಿ ಆವರ್ತನದ ಒಳಗೆ ಸ್ವಿಚ್, ಸ್ವಿಚ್ಚಿನ ಒಳಗೆ ಇಫ್, ಇಫ್‌ನ ಒಳಗೆ ಒಂದು ಬ್ರೇಕ್ ಇತ್ತು. ಆ ಬ್ರೇಕ್ ಇಫ್‌ನಿಂದ ಹೊರಬರುವ ಬದಲು ಇಡೀ ಸ್ವಿಚ್ಚಿನಿಂದಲೇ ಹೊರಗೆ ಬಂದು, ಮಾಡಲೇಬೇಕಿದ್ದ ಕೆಲಸವನ್ನು ಬಿಟ್ಟುಬಿಟ್ಟಿತು. ಒಂದು ಕೇಂದ್ರ ಕೆಟ್ಟು ಚೇತರಿಸಿಕೊಂಡು ನೆರೆಯ ಕೇಂದ್ರಗಳಿಗೆ ಸಂದೇಶ ಕಳುಹಿಸಿದಾಗ, ಸಂದೇಶಗಳು ತೀರ ಹತ್ತಿರ ಹತ್ತಿರ ಬಂದರೆ ನೆರೆಯ ಕೇಂದ್ರವೂ ಕೆಡುತ್ತಿತ್ತು. ಅದು ಚೇತರಿಸಿಕೊಂಡು ಇನ್ನೊಂದನ್ನು ಕೆಡಿಸುತ್ತಿತ್ತು. ಪದವೊಂದರ ವ್ಯಾಪ್ತಿ ಎಲ್ಲಿಯ ವರೆಗೆ ಎಂಬ ಪ್ರಶ್ನೆಯನ್ನು ವ್ಯಾಕರಣದ ಪಾಠದಲ್ಲಿ ಕೇಳುವ ನಮಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

4. ಒಂದು ಸಮಗ್ರ ಅಭ್ಯಾಸ: ತಾಳದ ಪಟ್ಟಿ

ಮೂರು ಮಾತುಗಳನ್ನೂ ಒಂದೆಡೆ ಸೇರಿಸುವ ಅಭ್ಯಾಸವೊಂದನ್ನು ಸೂಚಿಸುತ್ತೇನೆ. ಯಕ್ಷಗಾನ ನಮ್ಮ ಮಕ್ಕಳಿಗೆ ಹೊಸತಲ್ಲ; ತೆಂಕುತಿಟ್ಟಿನ ಪ್ರಸಂಗಕರ್ತ ಪಾರ್ತಿಸುಬ್ಬನ ಕುಂಬಳೆ ಇಲ್ಲಿಯೇ ಇದೆ. ತಾಳವು ಒಂದು ಸುತ್ತು ಮುಗಿದು ಮತ್ತೆ ಮೊದಲಾಗುವುದನ್ನು ಆವರ್ತ ಎನ್ನುತ್ತಾರೆ. ಲೂಪಿಗೆ ಆವರ್ತನವೆಂಬ ಹೆಸರು ಹೊಂದುವುದಕ್ಕೆ ಬೇರೆ ಸಮರ್ಥನೆ ಬೇಡ. ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10.

ಮೊದಲು ಕಂಪ್ಯೂಟರಿಲ್ಲದೆ ಆರಂಭಿಸಿರಿ. ಒಬ್ಬ ವಿದ್ಯಾರ್ಥಿ ತಾಳದ ಸಂಖ್ಯೆ ಹೇಳಲಿ. ಇನ್ನೊಬ್ಬ ಹಲಗೆಯ ಪಟ್ಟಿ ನೋಡಿ ಅಕ್ಷರಗಳ ಸಂಖ್ಯೆ ಹೇಳಲಿ. ಇದು ಸ್ವಿಚ್. ತರಗತಿಯೆಲ್ಲ ಅಷ್ಟು ಬಾರಿ ಚಪ್ಪಾಳೆ ತಟ್ಟಲಿ. ಇದು ಒಳಗಿನ ಆವರ್ತನ. ಅದನ್ನೇ ಮೂರು ಆವರ್ತ ಮಾಡಲಿ. ಇದು ಹೊರಗಿನ ಆವರ್ತನ. ತ್ರಿವುಡೆಗೆ ಮೂರು ಆವರ್ತದಲ್ಲಿ ಒಟ್ಟು ಎಷ್ಟು ಚಪ್ಪಾಳೆ? 21. ಆಮೇಲೆ ಹಲಗೆಯಲ್ಲಿ ಹೆಜ್ಜೆಗಳು:

ತಾಳದ ಸಂಖ್ಯೆಯನ್ನು ಕೇಳು
ಸಂಖ್ಯೆ 0 ಅಲ್ಲದಿರುವಷ್ಟು ಕಾಲ:
— ಸಂಖ್ಯೆ ಯಾವುದು?
— — 1 ಆದರೆ: ಅಕ್ಷರ = 4; ಹೊರಗೆ ಬಾ
— — 2 ಆದರೆ: ಅಕ್ಷರ = 6; ಹೊರಗೆ ಬಾ
— — 3 ಆದರೆ: ಅಕ್ಷರ = 7; ಹೊರಗೆ ಬಾ
— — 4 ಆದರೆ: ಅಕ್ಷರ = 10; ಹೊರಗೆ ಬಾ
— — ಯಾವುದೂ ಅಲ್ಲದಿದ್ದರೆ: ಅಕ್ಷರ = 0; ‘ಈ ಪಟ್ಟಿಯಲ್ಲಿ ಇಲ್ಲ’ ಎಂದು ಬರೆ
— ಆವರ್ತ 1ರಿಂದ 3ರ ವರೆಗೆ:
— — ಪೆಟ್ಟು 1ರಿಂದ ಅಕ್ಷರದ ವರೆಗೆ: ಪೆಟ್ಟಿನ ಸಂಖ್ಯೆಯನ್ನು ಬರೆ
— ತಾಳದ ಸಂಖ್ಯೆಯನ್ನು ಮತ್ತೆ ಕೇಳು

ಈ ಹೆಜ್ಜೆಗಳಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು. ಕೊನೆಯ ಸಾಲನ್ನು ಅಳಿಸಿದರೆ ಏನಾಗುತ್ತದೆ? ಸಂಖ್ಯೆ ಬದಲಾಗದೆ ಅದೇ ತಾಳ ಎಂದೆಂದಿಗೂ ನಡೆಯುತ್ತದೆ. ‘ಅಕ್ಷರ = 0’ ಎಂಬುದನ್ನು ಅಳಿಸಿ, ಮೊದಲು 4, ಅನಂತರ 9 ಎಂದು ಕೊಟ್ಟರೆ? ಪಟ್ಟಿಯಲ್ಲಿ ಇಲ್ಲವೆಂದು ಹೇಳಿದ ಬೆನ್ನಿಗೇ ಹಿಂದಿನ ಝಂಪೆಯ ಹತ್ತು ಪೆಟ್ಟು ಬರುತ್ತದೆ, ಏಕೆಂದರೆ ಹಳೆಯ ಬೆಲೆ ಹಾಗೆಯೇ ಉಳಿದಿದೆ. ಹೊರಗಿನ ಶರತ್ತನ್ನು ತೆಗೆದು, ಸ್ವಿಚ್ಚಿನೊಳಗೆ ‘0 ಆದರೆ: ಹೊರಗೆ ಬಾ’ ಎಂದು ಬರೆದರೆ ಪ್ರೋಗ್ರಾಮು ನಿಲ್ಲುವುದೇ? ನಿಲ್ಲದು, ಹೊರಗೆ ಬರುವುದು ಸ್ವಿಚ್ಚಿನಿಂದ ಮಾತ್ರ. ಈ ಮೂರಕ್ಕೂ ಕಾರಣ ಸಹಿತ ಉತ್ತರ ಹೇಳಬಲ್ಲ ವಿದ್ಯಾರ್ಥಿಗೆ ಈ ಘಟಕ ಬಂದಿದೆ ಎಂದು ನಿಶ್ಚಯವಾಗಿ ಹೇಳಬಹುದು.

5. ತರಗತಿಯ ಕ್ರಮ

ಇನ್ನು ಅವಧಿಯನ್ನು ನಡೆಸುವ ಬಗ್ಗೆ ಕೆಲವು ಮಾತುಗಳು.

ಮೊದಲನೆಯದು, ಹೆಜ್ಜೆಪಟ್ಟಿ. ಪುಸ್ತಕದಲ್ಲಿ ಗೆರೆ ಎಳೆದು ಪ್ರತಿಯೊಂದು ಚರಕ್ಕೂ ಒಂದು ಕಲಂ ಮಾಡಿ, ಒಂದೊಂದು ಸುತ್ತಿನಲ್ಲಿಯೂ ಅದರ ಬೆಲೆ ಏನಾಯಿತೆಂದು ಕೈಯಿಂದ ಬರೆಯುವ ಅಭ್ಯಾಸ ಇದು. ಒಂದು ಕಂಪ್ಯೂಟರಿಗೆ ಮೂವರು ಮಕ್ಕಳಿರುವಲ್ಲಿ ಒಬ್ಬ ಒತ್ತುತ್ತಾನೆ, ಇಬ್ಬರು ನೋಡುತ್ತಾರೆ. ಹೆಜ್ಜೆಪಟ್ಟಿಯಿದ್ದರೆ ಮೂವರಿಗೂ ಕೆಲಸವಿದೆ. ವಿದ್ಯುತ್ತು ಹೋದ ದಿನವೂ ಪಾಠ ನಿಲ್ಲುವುದಿಲ್ಲ.

ಎರಡನೆಯದು, ಓಡಿಸುವ ಮೊದಲು ಊಹೆ. ಫಲಿತಾಂಶವನ್ನು ಬರೆದಿಡದೆ ಯಾರೂ ಪ್ರೋಗ್ರಾಮನ್ನು ಓಡಿಸಬಾರದು ಎಂಬ ನಿಯಮವಿರಲಿ. ಊಹೆ ತಪ್ಪಾದಲ್ಲಿ ಕಲಿಕೆ ಆರಂಭವಾಗುತ್ತದೆ. ಅದಕ್ಕೆ ಅಂಕ ಕಳೆಯಬಾರದು.

ಮೂರನೆಯದು, ಪ್ರತಿ ಆವರ್ತನಕ್ಕೂ ಮೂರು ಪ್ರಶ್ನೆ: ಎಷ್ಟು ಬಾರಿ ನಡೆಯುತ್ತದೆ? ಯಾವಾಗ ನಿಲ್ಲುತ್ತದೆ? ನಿಂತಾಗ ಎಣಿಕೆಯ ಬೆಲೆ ಏನು? ಮೂರನೆಯ ಪ್ರಶ್ನೆ ಸ್ವಾರಸ್ಯಕರ. ವೈಲಿನಲ್ಲಿ ಮಗ್ಗಿ ಬರೆದರೆ ಕೊನೆಯಲ್ಲಿ ಎಣಿಕೆ 11 ಆಗಿರುತ್ತದೆ. ಪೈಥಾನಿನ ಫಾರ್‌ನಲ್ಲಿ ಬರೆದರೆ 10ರಲ್ಲಿಯೇ ಉಳಿದಿರುತ್ತದೆ. ಆಯ್ಕೆಗೂ ಮೂರು ಪ್ರಶ್ನೆ: ಯಾವ ಬಾಗಿಲಿನಿಂದ ಒಳಗೆ? ಯಾವ ಬಾಗಿಲಿನಿಂದ ಹೊರಗೆ? ಯಾವ ಬಾಗಿಲೂ ಹೊಂದದಿದ್ದರೆ?

ನಾಲ್ಕನೆಯದು, ಪದಗಳ ಬಳಕೆ. ಫಾರ್, ವೈಲ್, ಸ್ವಿಚ್, ಬ್ರೇಕ್ ಇವು ಯಂತ್ರದ ಭಾಷೆಯ ಹೆಸರುಗಳು. ಅವನ್ನು ಹಾಗೆಯೇ ಉಳಿಸಿಕೊಳ್ಳೋಣ. ಪರೀಕ್ಷೆಯಲ್ಲಿ, ಮುಂದಿನ ತರಗತಿಯಲ್ಲಿ ಮಗುವಿಗೆ ಅವು ಬೇಕು. ಆದರೆ ಅವುಗಳ ಅರ್ಥವನ್ನು ವಿವರಿಸುವ ವಾಕ್ಯ ಪೂರ್ತಿಯಾಗಿ ಕನ್ನಡದ್ದಾಗಿರಲಿ. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಚರಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ‘ಎಣಿಕೆ’, ‘ಅಂಕ’ ಎಂದು ಮಗು ತನ್ನ ಲಿಪಿಯಲ್ಲಿ ಬರೆದರೆ ಪ್ರೋಗ್ರಾಮು ಹಾಗೆಯೇ ಓಡುತ್ತದೆ. ಯಾವುದು ಭಾಷೆ ಕೊಟ್ಟ ಪದ, ಯಾವುದು ತಾನಿಟ್ಟ ಹೆಸರು ಎಂಬ ಭೇದ ಇದರಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿಯೇ ಎಲ್ಲವನ್ನೂ ಬರೆಯುವ ಮಕ್ಕಳಿಗೆ ಈ ಭೇದ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ; ಇದು ನಮ್ಮ ಮಕ್ಕಳಿಗಿರುವ ಒಂದು ಅನುಕೂಲ.

ಐದನೆಯದು, ಮೌಲ್ಯಮಾಪನ. ಪೂರ್ತಿ ಪ್ರೋಗ್ರಾಮು ಬರೆಯಿರಿ ಎಂಬ ಪ್ರಶ್ನೆಗೆ ಬಾಯಿಪಾಠ ಸಾಕಾಗುತ್ತದೆ. ಅದರ ಬದಲು ಒಂದು ಸಾಲು ಅಳಿಸಿದ ಅಥವಾ ತಪ್ಪಿರುವ ಪ್ರೋಗ್ರಾಮನ್ನು ಕೊಟ್ಟು, ಏನಾಗುತ್ತದೆ, ಏಕೆ ಎಂದು ಕನ್ನಡದಲ್ಲಿ ಎರಡು ವಾಕ್ಯ ಬರೆಯಿಸಿರಿ. ಆ ಎರಡು ವಾಕ್ಯಗಳಲ್ಲಿ ಮಗುವಿನ ತಿಳಿವಳಿಕೆಯೂ ಅದರ ಕನ್ನಡವೂ ಒಟ್ಟಿಗೆ ಕಾಣುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಕಂಪ್ಯೂಟರು ಕಲಿಯಲಾದೀತೇ ಎಂದು ಪಾಲಕರು ನಮ್ಮನ್ನು ಕೇಳುತ್ತಾರೆ. ಆ ಸಂಶಯದಿಂದಲೇ ಮಗುವನ್ನು ಬೇರೆ ಶಾಲೆಗೆ ಸೇರಿಸುವವರೂ ಇದ್ದಾರೆ. ಅವರಿಗೆ ಭಾಷಾಭಿಮಾನದ ಮಾತಿನಿಂದ ಉತ್ತರ ಕೊಟ್ಟರೆ ಸಾಲದು. ತಮ್ಮ ಮಗು ಒಂದು ಆವರ್ತನ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಅವರೆದುರಿಗೇ ಕನ್ನಡದಲ್ಲಿ ತಡವರಿಸದೆ ವಿವರಿಸುವುದನ್ನು ಅವರು ಕೇಳಬೇಕು. ಮುಂದಿನ ಪಾಲಕರ ಸಭೆಗೆ ತಾಳದ ಪಟ್ಟಿಯ ಅಭ್ಯಾಸವನ್ನು ಮಕ್ಕಳಿಂದಲೇ ಮಾಡಿ ತೋರಿಸಿರಿ. ಅದಕ್ಕೆ ಬೇಕಾಗುವುದು ಒಂದು ಕಂಪ್ಯೂಟರು, ಒಂದು ಹಲಗೆ ಮತ್ತು ಹದಿನೈದು ನಿಮಿಷ.